ಚಿಂಟು ಆಡಿದ ಕನ್ನಡ

ಮೂಡಿಗೆರೆ, ಕಳಸದ ತೋಟದ ಮನೆಗಳಲ್ಲಿ ಆಂಟೆನಾ ತಿರುಗಿಸುವುದೇ ಒಂದು ಕೆಲಸವಾಗಿತ್ತು. ಗುಡ್ಡ ಅಡ್ಡ ಬಂದು ದೂರದರ್ಶನದ ಮೋಗ್ಲಿ ಮಸುಕಾಗುತ್ತಿದ್ದ, ಅವನಾಡುತ್ತಿದ್ದುದೂ ಹಿಂದಿ. ಆಮೇಲೆ ಮಾಡಿನ ಮೇಲೆ ಡಿಶ್ ಬಂತು, 2009ರಲ್ಲಿ ಸನ್ ನೆಟ್‌ವರ್ಕ್‌ನ ಮಕ್ಕಳ ಚಾನೆಲ್ ಚಿಂಟು ಟಿವಿ ಬಂತು. ಕಾರ್ಟೂನಿನ ಡೋರಾ ಕನ್ನಡದಲ್ಲೇ ದಾರಿ ಕೇಳಿದಳು. ಸಿನಿಮಾ ಡಬ್ಬಿಂಗ್‌ಗೆ ಕನ್ನಡ ಚಿತ್ರರಂಗ ಬಾಗಿಲು ಮುಚ್ಚಿದ್ದ ಕಾಲವದು. ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧದ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಮಕ್ಕಳಿಗೆ ಮೊದಲೇ ಡಬ್ಬಿಂಗ್‌ನ ಸುಖ ದಕ್ಕಿತ್ತು.

ನನ್ನ ಮೆಚ್ಚುಗೆಯೆಲ್ಲ ಮುಖ ಕಾಣದ ಆ ಕಂಠದಾನ ಕಲಾವಿದರಿಗೆ. ಬೇರೆ ಭಾಷೆಗೆಂದು ಬರೆದ ತುಟಿಗಳ ಅಳತೆಗೆ ಕನ್ನಡ ಕೂರಿಸುವುದು, ಅದೂ ಐದು ವರ್ಷದ ಮಗುವಿಗೆ ತಿಳಿಯುವಂತೆ, ಸಣ್ಣ ಕಸುಬಲ್ಲ. ಮನೆಯಲ್ಲಿ ತುಳು, ಬ್ಯಾರಿ, ತಮಿಳು ಆಡುವ, ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದು, ಒಂದೇ ಟಿವಿಯ ಮುಂದೆ ಒತ್ತೊತ್ತಾಗಿ ಕೂತು, ಆ ಮಾತಿಗೆ ಒಟ್ಟಿಗೇ ನಗುತ್ತಿದ್ದರು.