ಬರಿಗೈ ಎಂಬ ಮಾತು: ರೂತಳ ಕಥೆಯ ಒಂದು ಓದು

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ರೂತಳ ಗ್ರಂಥ ತೀರಾ ಚಿಕ್ಕದು. 4 ಅಧ್ಯಾಯ, 85 ವಚನ. ಅಂಧೇರಿಯಲ್ಲಿ ಲೋಕಲ್ ಹತ್ತಿದರೆ ಚರ್ಚ್‌ಗೇಟ್ ಬರುವುದರೊಳಗೆ ಓದಿ ಮುಗಿಸಬಹುದು, ಕೂರಲು ಜಾಗ ಸಿಕ್ಕಿದರೆ. ಬರಗಾಲ ಬಿದ್ದು ಬೇತ್ಲೆಹೇಮಿನ ಒಂದು ಕುಟುಂಬ ಮೋವಾಬ್ ದೇಶಕ್ಕೆ ಗುಳೆ ಹೋಗುತ್ತದೆ. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ರೊಟ್ಟಿಯ ಮನೆಯಲ್ಲೇ ರೊಟ್ಟಿ ಇಲ್ಲದಾಯಿತು ಎಂಬಲ್ಲಿಂದಲೇ ಕಥೆ ಶುರು. ಪರದೇಶದಲ್ಲಿ ನೊವೊಮಿಯ ಗಂಡ ಸಾಯುತ್ತಾನೆ, ಅಲ್ಲಿಯ ಹೆಣ್ಣುಗಳನ್ನು ಮದುವೆಯಾದ ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ಅವಳು ಊರಿಗೆ ಹಿಂತಿರುಗುವಾಗ ಸೊಸೆ ಒರ್ಫಾ ಅತ್ತು ತವರಿಗೆ ಮರಳುತ್ತಾಳೆ. ಇನ್ನೊಬ್ಬ ಸೊಸೆ ರೂತಳು ಅತ್ತೆಯನ್ನು ಬಿಡುವುದಿಲ್ಲ.

ಪ್ರವಚನಗಳಲ್ಲಿ ಇದು ಆದರ್ಶ ಸೊಸೆಯ ಕಥೆ. ಆ ಓದು ಸುಳ್ಳೆನ್ನಲಾರೆ, ಆದರೆ ಅದು ಮೊದಲ ಅಧ್ಯಾಯದಲ್ಲೇ ಮುಗಿದುಹೋಗುತ್ತದೆ. ಆ ಅಧ್ಯಾಯದ ಕೊನೆಯಲ್ಲಿ ನಡೆಯುವುದನ್ನು ನೋಡಿ. ಊರ ಹೆಂಗಸರು ಬಂದು ಇವಳು ನೊವೊಮಿಯೇ ಹೌದೇ ಎಂದು ಬೆರಗಾಗುತ್ತಾರೆ. ನೊವೊಮಿ ಎಂದರೆ ಸವಿ. ತನ್ನನ್ನು ಇನ್ನು ಮಾರಾ, ಅಂದರೆ ಕಹಿ, ಎಂದು ಕರೆಯಿರಿ ಎನ್ನುತ್ತಾಳೆ ಅವಳು. ತುಂಬಿಕೊಂಡು ಹೋದವಳನ್ನು ದೇವರು ಬರಿಗೈಯಲ್ಲಿ ತಂದನೆಂದು ಗೋಳಾಡುತ್ತಾಳೆ. ಇದನ್ನು ಹೇಳುವಾಗ ರೂತಳು ಪಕ್ಕದಲ್ಲೇ ನಿಂತಿದ್ದಾಳೆ! ಎಲ್ಲವನ್ನೂ ಬಿಟ್ಟು ಬಂದ ಆ ಹುಡುಗಿ ಅತ್ತೆಯ ಲೆಕ್ಕಕ್ಕೇ ಬರಲಿಲ್ಲ. ರೂತಳು ಮಾತಾಡುವುದಿಲ್ಲ. ಹೆಂಗಸರೂ ಅವಳು ಯಾರೆಂದು ಕೇಳುವುದಿಲ್ಲ.

ಆ ಮೇಲೆ ಬರುವುದು ಜವೆಗೋಧಿಯ ಕೊಯ್ಲು. ಇಸ್ರಾಯೇಲ್ಯರ ಧರ್ಮಶಾಸ್ತ್ರದ ಪ್ರಕಾರ ಹೊಲದ ಅಂಚಿನ ಪೈರನ್ನು ಕೊಯ್ಯಬಾರದು, ಬಿದ್ದ ತೆನೆಯನ್ನು ಎತ್ತಬಾರದು. ಹಕ್ಕಲು ಬಡವರಿಗೆ, ಪರದೇಶಿಗೆ, ವಿಧವೆಗೆ ಸೇರಿದ್ದು. ಹಕ್ಕಲಾಯುವುದನ್ನು ಎಳವೆಯಲ್ಲಿ ಕಂಡವರು ನಮ್ಮಲ್ಲಿ ಇನ್ನೂ ಕೆಲವರಿರಬಹುದು. ಹೊಲದ ಒಡೆಯ ಬೋವಜ ಬಂದು, ಈ ಹುಡುಗಿ ಯಾರವಳು ಎಂದು ಮೇಸ್ತ್ರಿಯನ್ನು ಕೇಳುತ್ತಾನೆ. ಮೇಸ್ತ್ರಿ ಹೆಸರು ಹೇಳುವುದಿಲ್ಲ. ಮೋವಾಬಿನಿಂದ ನೊವೊಮಿಯ ಜೊತೆ ಬಂದ ಮೋವಾಬಿನವಳು ಎಂದು ಊರನ್ನೇ ಎರಡು ಸಲ ಹೇಳುತ್ತಾನೆ. ಕಥೆಯಲ್ಲಿ 5 ಕಡೆ ಅವಳ ಹೆಸರಿಗೇ ಈ ಊರು ಅಂಟಿಕೊಂಡಿದೆ. ಮನೆಯಲ್ಲಿ ಅತ್ತೆಯೊಡನೆ ಮಾತಾಡುವಾಗಲೂ ಅವಳು ಮೋವಾಬಿನ ರೂತಳೇ. ಮೂವತ್ತು ವರ್ಷದಿಂದ ಒಂದೇ ಬಿಲ್ಡಿಂಗಿನಲ್ಲಿದ್ದೂ 'ನಿಮ್ಮದು ಯಾವ ಗಾಂವ್' ಎಂಬ ಪ್ರಶ್ನೆ ಕೇಳಿಸಿಕೊಳ್ಳುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂಗ್ಲಿಷ್ ಕವಿ ಕೀಟ್ಸ್ 1819ರಲ್ಲಿ ನೈಟಿಂಗೇಲ್ ಹಕ್ಕಿಯ ಮೇಲೆ ಬರೆದ ಕವಿತೆಯಲ್ಲಿ ರೂತಳನ್ನು ತವರಿಗಾಗಿ ಹಂಬಲಿಸಿ ಅಳುವವಳಾಗಿ ಕಂಡ. ಕವಿತೆ ಚೆಲುವಾಗಿದೆ, ಆದರೆ ಗ್ರಂಥದ ಹೊಲದಲ್ಲಿ ಕಣ್ಣೀರಿಲ್ಲ. ಅತ್ತದ್ದೆಲ್ಲ ದಾರಿಯಲ್ಲೇ ಮುಗಿದಿದೆ. ಹೊಲದಲ್ಲಿ ಅವಳು ಸಂಜೆಯವರೆಗೆ ಆಯ್ದು, ಬಡಿದು, ಸುಮಾರು ಒಂದು ಏಫಾ ಕಾಳು ಮಾಡುತ್ತಾಳೆ, ಅಂದರೆ 20 ಲೀಟರಿಗೂ ಹೆಚ್ಚು. ಮಧ್ಯಾಹ್ನ ತನಗೆ ಕೊಟ್ಟ ಹುರಿದ ಕಾಳಿನಲ್ಲಿ ಮಿಕ್ಕಿದ್ದನ್ನೂ ಅತ್ತೆಗೆಂದು ಕಟ್ಟಿಕೊಂಡು ಬರುತ್ತಾಳೆ. ದುಃಖಕ್ಕೆ ಪುರುಸೊತ್ತಿಲ್ಲದ ಈ ರೂತಳನ್ನು ಕೀಟ್ಸ್ ಕಾಣಲಿಲ್ಲ.

ಗ್ರಂಥದ ಅತಿ ಸೊಗಸಾದ ಶ್ಲೇಷೆ ಒಂದು ಹೀಬ್ರೂ ಪದದಲ್ಲಿದೆ: ಕಾನಾಫ್. ಅದಕ್ಕೆ ರೆಕ್ಕೆ ಎಂದೂ ಅರ್ಥ, ಬಟ್ಟೆಯ ಅಂಚು ಎಂದೂ ಅರ್ಥ. ದೇವರ ರೆಕ್ಕೆಗಳ ಆಶ್ರಯಕ್ಕೆ ಬಂದಿದ್ದೀಯೆ, ಅವನು ನಿನಗೆ ಒಳ್ಳೆಯದು ಮಾಡಲಿ ಎಂದು ಬೋವಜ ಹೊಲದಲ್ಲಿ ಹರಸಿದ್ದ. ಮುಂದೆ ಒಂದು ರಾತ್ರಿ ಅವನು ಕಣದಲ್ಲಿ ರಾಶಿಯ ಪಕ್ಕ ಮಲಗಿದ್ದಾಗ ರೂತಳು ಹೋಗಿ, ಅವನ ಕಾಲ ಹೊದಿಕೆ ಸರಿಸಿ, ಅಲ್ಲೇ ಮಲಗುತ್ತಾಳೆ. ಏನು ಮಾಡಬೇಕೆಂದು ಅವನೇ ಹೇಳುತ್ತಾನೆ ಎಂದು ಅತ್ತೆ ಕಲಿಸಿ ಕಳಿಸಿದ್ದಳು. ಎಚ್ಚರವಾದಾಗ ಹೇಳಿದವಳು ರೂತಳು: ನೀನು ನಮ್ಮ ಹತ್ತಿರದ ನೆಂಟ, ನಿನ್ನ ಕಾನಾಫ್ ಅನ್ನು ನನ್ನ ಮೇಲೆ ಹೊದಿಸು. ದೇವರ ಪಾಲಿಗೆ ಬಿಟ್ಟಿದ್ದ ಹರಕೆಯನ್ನು ಹರಸಿದವನ ಕೈಗೇ ಮರಳಿಸಿದಳು. ಕನ್ನಡದಲ್ಲಿ ಎರಡು ಪದ ಬಳಸಿದ ಕೂಡಲೇ ಈ ಮಾತಿನ ಮೊನೆ ಹೋಗುತ್ತದೆ. ಕಾಡಿನ ಸೆರಗು, ಊರ ಸೆರಗು ಎನ್ನುವ ನಮ್ಮ 'ಸೆರಗು' ಅರ್ಧ ದಾರಿಯವರೆಗೆ ಬರುತ್ತದೆ, ರೆಕ್ಕೆಯವರೆಗೆ ಹಾರುವುದಿಲ್ಲ.

ಬೆಳಕು ಹರಿಯುವ ಮುಂಚೆ ಬೋವಜ ಅವಳ ಹೊದಿಕೆಯಲ್ಲಿ 6 ಅಳತೆ ಜವೆಗೋಧಿ ಸುರಿದು ಕಳಿಸುತ್ತಾನೆ. ಮನೆಗೆ ಬಂದ ರೂತಳು, ಅತ್ತೆಯ ಬಳಿಗೆ ಬರಿಗೈಯಲ್ಲಿ ಹೋಗಬೇಡವೆಂದು ಅವನು ಹೇಳಿದ ಎನ್ನುತ್ತಾಳೆ. ಮೂಲದಲ್ಲಿ ಇದು ನೊವೊಮಿ ಅಂದು ಊರ ಹೆಂಗಸರ ಮುಂದೆ ಆಡಿದ ಅದೇ ಪದ, ರೇಕಾಮ್. ಕಣದ ಸನ್ನಿವೇಶದಲ್ಲಿ ಬೋವಜ ಹಾಗೆ ಹೇಳಿದ್ದು ನಮಗೆ ಕೇಳಿಸುವುದಿಲ್ಲ. ಅವನು ಹೇಳಿರಬಹುದು, ರೂತಳೇ ಸೇರಿಸಿರಲೂಬಹುದು. ನನ್ನ ಒಲವು ಎರಡನೆಯದರ ಕಡೆಗೆ. ಅಂದು ನುಂಗಿಕೊಂಡ ಮಾತಿಗೆ ಅವಳು ಕಾಳಿನ ರೂಪದಲ್ಲಿ ಉತ್ತರ ತಂದಿದ್ದಾಳೆ. ಕಥೆಯಲ್ಲಿ ಅವಳ ಕೊನೆಯ ಮಾತೂ ಇದೇ.

ನಾಲ್ಕನೇ ಅಧ್ಯಾಯ ಊರಬಾಗಿಲಲ್ಲಿ ಕೂತ ಗಂಡಸರದು. ಬೋವಜನಿಗಿಂತ ಹತ್ತಿರದ ನೆಂಟನೊಬ್ಬ, ತನ್ನ ಆಸ್ತಿಗೆ ಧಕ್ಕೆಯಾದೀತೆಂದು ಹೆದರಿ, ಕಾಲಿನ ಕೆರ ಕಳಚಿ ಕೊಟ್ಟು ಹಕ್ಕು ಬಿಡುತ್ತಾನೆ. ಅವನಿಗೆ ಹೆಸರೇ ಇಲ್ಲ, 'ಇಂಥವನೇ' ಎಂದಷ್ಟೇ ಕರೆದಿದೆ. ಮೋವಾಬ್ಯರನ್ನು ಹತ್ತನೇ ತಲೆಯವರೆಗೂ ಸಭೆಗೆ ಸೇರಿಸಬಾರದೆಂದು ಧರ್ಮೋಪದೇಶಕಾಂಡದಲ್ಲಿ ಕಟ್ಟಳೆಯಿದೆ. ಇಲ್ಲಿ ಮೋವಾಬಿನವಳು ದಾವೀದ ರಾಜನ ಮುತ್ತಜ್ಜಿ; ಮತ್ತಾಯ ಯೇಸುವಿನ ವಂಶಾವಳಿ ಬರೆಯುವಾಗಲೂ ಅವಳ ಹೆಸರನ್ನು ಬಿಡಲಿಲ್ಲ.

ಇಷ್ಟಾದರೂ ಈ ಕೊನೆ ನನಗೆ ಕಸಿವಿಸಿ ಉಂಟುಮಾಡುತ್ತದೆ. ರೂತಳು ಹೆತ್ತ ಮಗುವಿಗೆ ನೆರೆಹೊರೆಯ ಹೆಂಗಸರು ಓಬೇದನೆಂದು ಹೆಸರಿಟ್ಟು, ನೊವೊಮಿಗೆ ಮಗ ಹುಟ್ಟಿದನೆಂದು ಹಿಗ್ಗುತ್ತಾರೆ. ಹೆತ್ತವಳು ಎಲ್ಲಿದ್ದಾಳೆಂದು ಯಾರೂ ನೋಡುವುದಿಲ್ಲ. ಆದರೆ ಅದಕ್ಕೆ ತುಸು ಮೊದಲು ಅವೇ ಹೆಂಗಸರ ಬಾಯಲ್ಲಿ ಒಂದು ಮಾತು ಬಂದಿದೆ: ನಿನ್ನನ್ನು ಪ್ರೀತಿಸುವ ಈ ಸೊಸೆ ನಿನಗೆ ಏಳು ಗಂಡುಮಕ್ಕಳಿಗಿಂತ ಹೆಚ್ಚು. ಬರಿಗೈಯೆಂದು ಗೋಳಾಡಿದವಳಿಗೆ ಊರು ಕೊಟ್ಟ ಉತ್ತರ ಅದು. ಅದಕ್ಕೆ ನೊವೊಮಿ ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಮಗುವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.