ವೇಟ್‌ರೋಸ್ ಪಕ್ಕದ ಮನೆಗೆ ಎಷ್ಟು ಬೆಲೆ?

ಇಂಗ್ಲೆಂಡಿನಲ್ಲಿ ಮನೆ ಮಾರಾಟದ ಜಾಹೀರಾತು ಓದಿದರೆ ರೈಲು ನಿಲ್ದಾಣ, ಒಳ್ಳೆಯ ಶಾಲೆ, ಪಾರ್ಕುಗಳ ಸಾಲಿನಲ್ಲಿ ಒಂದು ದಿನಸಿ ಅಂಗಡಿಯ ಹೆಸರೂ ಆಗಾಗ ಕಾಣಿಸಿಕೊಳ್ಳುತ್ತದೆ: ವೇಟ್‌ರೋಸ್. ಟೆಸ್ಕೊ ಹತ್ತಿರದಲ್ಲಿದೆ ಎಂದರೆ ಹಾಲು, ಬ್ರೆಡ್ಡಿಗೆ ಅಲೆಯಬೇಕಿಲ್ಲ ಎಂದಷ್ಟೇ ಅರ್ಥ. ವೇಟ್‌ರೋಸ್ ಹತ್ತಿರದಲ್ಲಿದೆ ಎಂದರೆ ಅಕ್ಕಪಕ್ಕದವರು ಎಂಥವರು ಎಂಬುದನ್ನೂ ಹೇಳಿದ ಹಾಗಾಯಿತು. ಬಾಯಿಮಾತಿನಲ್ಲಿದ್ದ ಈ ನಂಬಿಕೆಗೆ ಅಂಕಿಸಂಖ್ಯೆಯ ಬಲ ಕೊಟ್ಟಿದ್ದು ಲಾಯ್ಡ್ಸ್ ಬ್ಯಾಂಕ್. ಸೂಪರ್‌ಮಾರ್ಕೆಟ್ ಇರುವ ಬಡಾವಣೆಯ ಸರಾಸರಿ ಮನೆ ಬೆಲೆಯನ್ನು ಅದೇ ಊರಿನ ಒಟ್ಟು ಸರಾಸರಿಯ ಪಕ್ಕದಲ್ಲಿಟ್ಟು ನೋಡುವ ಸಮೀಕ್ಷೆಗಳನ್ನು ಅದು 2010ರ ದಶಕದ ಉತ್ತರಾರ್ಧದಲ್ಲಿ ಪ್ರಕಟಿಸಿತು. 2017ರ ಲೆಕ್ಕದಂತೆ ವೇಟ್‌ರೋಸ್ ಸಮೀಪದ ಮನೆಗಳಿಗೆ ಸುಮಾರು 36,000 ಪೌಂಡ್ ಹೆಚ್ಚು ಬೆಲೆ. ಪಟ್ಟಿಯ ಕೆಳತುದಿಯಲ್ಲಿ ಆಲ್ಡಿ, ಲಿಡಲ್, ಆಸ್ಡಾ. ಪತ್ರಿಕೆಗಳು ಇದಕ್ಕೆ ‘ವೇಟ್‌ರೋಸ್ ಎಫೆಕ್ಟ್’ ಎಂದು ಹೆಸರಿಟ್ಟವು. ಎಸ್ಟೇಟ್ ಏಜೆಂಟರಿಗೆ ಇನ್ನೇನು ಬೇಕು?

‘ಎಫೆಕ್ಟ್’ ಎಂಬ ಹೆಸರಿನಲ್ಲೇ ಎಡವಟ್ಟಿದೆ. ಅಂಗಡಿ ಬಂತು, ಅದರಿಂದ ಬೆಲೆ ಏರಿತು ಎಂದು ಅದು ಹೇಳುತ್ತದೆ. ಸಮೀಕ್ಷೆಯ ಲೆಕ್ಕ ಅಷ್ಟು ದೂರ ಹೋಗುವುದಿಲ್ಲ. ಒಂದು ಬಡಾವಣೆಯಲ್ಲಿ ಅಂಗಡಿಯೂ ಇದೆ, ದುಬಾರಿ ಮನೆಗಳೂ ಇವೆ ಎಂಬಲ್ಲಿಗೆ ಅದರ ಮಾತು ಮುಗಿಯಿತು. ಯಾವುದು ಮೊದಲು ಬಂತು ಎಂದು ತಿಳಿಯಬೇಕಾದರೆ ಅಂಗಡಿ ತೆರೆಯುವುದಕ್ಕೆ ಮುಂಚಿನ ಬೆಲೆಯೂ ಬೇಕು, ಅಂಥದ್ದೇ ಆದರೆ ಅಂಗಡಿಯಿಲ್ಲದ ಇನ್ನೊಂದು ಬಡಾವಣೆಯ ಬೆಲೆಯೂ ಬೇಕು.

ಮೊದಲು ಬಂದದ್ದು ಯಾವುದು ಎಂಬುದಕ್ಕೆ ವೇಟ್‌ರೋಸ್‌ನ ಸ್ವಂತ ಚರಿತ್ರೆಯೇ ಸುಳಿವು ಕೊಡುತ್ತದೆ. 1904ರಲ್ಲಿ ಪಶ್ಚಿಮ ಲಂಡನ್ನಿನ ಆ್ಯಕ್ಟನ್‌ನಲ್ಲಿ ಮೂವರು ಸೇರಿ ತೆರೆದ ಸಣ್ಣ ಅಂಗಡಿ ಇದು. 1937ರಲ್ಲಿ ನೌಕರರೇ ಪಾಲುದಾರರಾಗಿರುವ ಜಾನ್ ಲೂಯಿಸ್ ಸಂಸ್ಥೆಯ ಮಡಿಲಿಗೆ ಬಿತ್ತು. ಇವತ್ತಿಗೂ ಅದರ ಮಳಿಗೆಗಳು ದಟ್ಟವಾಗಿರುವುದು ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ. ಸ್ಕಾಟ್ಲೆಂಡಿಗೆ ಅದು ಕಾಲಿಟ್ಟಿದ್ದು ಶತಮಾನ ದಾಟಿದ ಮೇಲೆ, 2006ರಲ್ಲಿ. ಎಲ್ಲಿಗೆ? ಎಡಿನ್‌ಬರೋದ ಮಾರ್ನಿಂಗ್‌ಸೈಡ್‌ಗೆ. ಆ ಬಡಾವಣೆಯ ಹೆಸರು ಅದಕ್ಕೂ ಹಲವು ತಲೆಮಾರುಗಳ ಹಿಂದಿನಿಂದಲೇ ಸ್ಥಿತಿವಂತರ ಮರ್ಯಾದಸ್ಥ ಬದುಕಿಗೆ ಇನ್ನೊಂದು ಹೆಸರಾಗಿತ್ತು. ಮಾರ್ನಿಂಗ್‌ಸೈಡ್‌ಗೆ ಸಿರಿವಂತಿಕೆ ತಂದವರು ವೇಟ್‌ರೋಸ್‌ನವರಲ್ಲ. ಇದ್ದ ಸಿರಿಯನ್ನು ನೋಡಿಕೊಂಡು ಬಂದವರು.

ಹೀಗೆ ನೋಡಿಕೊಂಡು ಬರುವುದೇ ಒಂದು ವೃತ್ತಿ. ಬ್ರಿಟನ್ನಿನ ಪ್ರತಿಯೊಂದು ಪೋಸ್ಟ್‌ಕೋಡನ್ನೂ ಅಲ್ಲಿನ ನಿವಾಸಿಗಳ ಉದ್ಯೋಗ, ವಯಸ್ಸು, ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬುದರ ಮೇಲೆ ವರ್ಗೀಕರಿಸುವ ಏಕಾರ್ನ್, ಮೊಸಾಯಿಕ್ ಎಂಬ ಪದ್ಧತಿಗಳು ದಶಕಗಳಿಂದ ಬಳಕೆಯಲ್ಲಿವೆ. 1995ರಲ್ಲಿ ಟೆಸ್ಕೊ, ಗಿರಾಕಿಗಳ ಖರೀದಿಯನ್ನೆಲ್ಲ ದಾಖಲಿಸುವ ಕ್ಲಬ್‌ಕಾರ್ಡ್ ತಂದ ಮೇಲಂತೂ ಯಾವ ಬೀದಿಯವರು ಏನು ಕೊಳ್ಳುತ್ತಾರೆ ಎಂಬುದು ಅಂಗಡಿಯವರಿಗೆ ಮನೆಯವರಿಗಿಂತ ಚೆನ್ನಾಗಿ ಗೊತ್ತಾಯಿತು. ಹೊಸ ಮಳಿಗೆಗೆ ಜಾಗ ಹುಡುಕುವಾಗ ಇಂಥ ಮಾಹಿತಿಯನ್ನೇ ಹರಡಿಕೊಂಡು ಕೂರುತ್ತಾರೆ. ಬಡಾವಣೆಯವರ ವರಮಾನ ನೋಡಿ ಅಂಗಡಿ ಇಡುವುದು, ಆಮೇಲೆ ಅಂಗಡಿ ಇರುವುದರಿಂದಲೇ ಬಡಾವಣೆಗೆ ಬೆಲೆ ಎನ್ನುವುದು. ಜಾತಕ ನೋಡಿ ಶ್ರೀಮಂತ ವರನಿಗೆ ಹೆಣ್ಣು ಕೊಟ್ಟು, ಮಗಳ ಕಾಲ್ಗುಣದಿಂದ ಅಳಿಯನಿಗೆ ಆಸ್ತಿಯಾಯಿತು ಎಂದು ಹೇಳಿಕೊಂಡ ಹಾಗೆ.

ಹಾಗಾದರೆ ಅಂಗಡಿಯಿಂದ ಬೆಲೆಯ ಮೇಲೆ ಏನೂ ಪರಿಣಾಮ ಇಲ್ಲವೆ? ಇದೆ. ಆದರೆ ಅದನ್ನು ಬಿಡಿಸಿ ತೆಗೆಯುವುದು ಕಷ್ಟ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ನೋಡಲು ಹೋಗುವ ಕನ್ನಡಿಗರು ಹೊಳೆಯ ದಡ ಹಿಡಿದು ದಕ್ಷಿಣಕ್ಕೆ ನಡೆದರೆ ವಾಕ್ಸಾಲ್ ದಾಟಿ ನೈನ್ ಎಲ್ಮ್ಸ್ ಸೇರುತ್ತಾರೆ. ಅಲ್ಲಿ 1980ರ ದಶಕದ ಸೇನ್ಸ್‌ಬರಿಸ್ ಮಳಿಗೆಯೊಂದನ್ನು ಕೆಡವಿ, ಅದೇ ಜಾಗದಲ್ಲಿ ಹೊಸ ಅಂಗಡಿಯನ್ನೂ ನೂರಾರು ಫ್ಲ್ಯಾಟುಗಳ ಗೋಪುರಗಳನ್ನೂ ಕಟ್ಟಿದರು. ಅಂಗಡಿ ತೆರೆದದ್ದು 2016ರಲ್ಲಿ. 2021ರಲ್ಲಿ ಅದರ ಮಗ್ಗುಲಿಗೇ ಹೊಸ ಟ್ಯೂಬ್ ನಿಲ್ದಾಣ ಬಂತು. ಸ್ವಲ್ಪ ಆಚೆ ಅಮೆರಿಕದ ರಾಯಭಾರ ಕಚೇರಿ, ನವೀಕರಣಗೊಂಡ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ. ಇಲ್ಲಿನ ಒಂದು ಫ್ಲ್ಯಾಟಿನ ಬೆಲೆಯಲ್ಲಿ ರೈಲಿನ ಪಾಲೆಷ್ಟು, ಹೊಳೆಯ ನೋಟದ ಪಾಲೆಷ್ಟು, ಕೆಳಗಡೆ ಸಿಗುವ ಟೊಮೆಟೊದ ಪಾಲೆಷ್ಟು? ಬರೀ ಸರಾಸರಿ ಹಿಡಿದು ಇದನ್ನು ಹೇಳಲಾಗದು.

ವರ್ಗದ ವಿಷಯಕ್ಕೆ ಬಂದರೆ ಪಟ್ಟಿ ಇನ್ನೂ ಹಳತಾಗಿ ಕಾಣುತ್ತದೆ. ಯಾವ ಅಂಗಡಿಯಲ್ಲಿ ಏನು ಕೊಳ್ಳುತ್ತಾರೆ ಎಂಬುದರ ಮೇಲೆ ವರ್ಗ ಗುರುತಿಸುವ ಚಾಳಿ ಇಂಗ್ಲಿಷರಿಗೆ ಹೊಸದಲ್ಲ. ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ ತಮ್ಮ 2004ರ ‘ವಾಚಿಂಗ್ ದಿ ಇಂಗ್ಲಿಷ್’ ಪುಸ್ತಕದಲ್ಲಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್‌ನ ಖರೀದಿಯನ್ನೇ ಒಂದು ಪರೀಕ್ಷೆಯಾಗಿಸಿದ್ದಾರೆ. 2012ರಲ್ಲಿ, ‘ನಾನು ವೇಟ್‌ರೋಸ್‌ಗೆ ಯಾಕೆ ಹೋಗುತ್ತೇನೆಂದರೆ...’ ಎಂಬ ವಾಕ್ಯ ಪೂರ್ಣಗೊಳಿಸಿ ಎಂದು ಆ ಕಂಪನಿ ಟ್ವಿಟರ್‌ನಲ್ಲಿ ಕೇಳಿಕೊಂಡಾಗ, ಬಡವರ ಪಕ್ಕ ನಿಲ್ಲುವುದು ತಪ್ಪುತ್ತದಲ್ಲ ಎಂಬ ಧಾಟಿಯ ಕುಹಕಗಳು ಹರಿದು ಬಂದವು. ಅಂಗಡಿಯ ಮೇಲಿನ ಅತ್ಯುತ್ತಮ ವಿಮರ್ಶೆ ಅದೇ ಇರಬಹುದು.

ಆದರೆ ಆ ಹೊತ್ತಿಗಾಗಲೇ ನೆಲ ಸರಿಯತೊಡಗಿತ್ತು. ಜರ್ಮನಿಯ ಆಲ್ಡಿ 1990ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಟೆಚ್‌ಫರ್ಡ್‌ನಲ್ಲಿ ಬ್ರಿಟನ್ನಿನ ಮೊದಲ ಮಳಿಗೆ ತೆರೆದಾಗ ಅದು ಕೈಯಲ್ಲಿ ಕಾಸಿಲ್ಲದವರ ಅಂಗಡಿ. ಲಿಡಲ್ ಬಂದದ್ದು 1994ರಲ್ಲಿ. 2008ರ ಆರ್ಥಿಕ ಕುಸಿತ ಲೆಕ್ಕಾಚಾರವನ್ನೇ ಬದಲಿಸಿತು. ಮರುವರ್ಷ ವೇಟ್‌ರೋಸ್ ‘ಎಸೆನ್ಷಿಯಲ್’ ಹೆಸರಿನಲ್ಲಿ ಅಗ್ಗದ ಸರಕಿನ ಸರಣಿ ಹೊರತಂದಿತು. ಎಂಥೆಂಥವು ‘ಅತ್ಯಗತ್ಯ’ದ ಪಟ್ಟಿ ಸೇರಿವೆ ಎಂದು ಜನ ನಕ್ಕರು, ಆ ಮಾತು ಬೇರೆ. ಅತ್ತ ಮಧ್ಯಮ ವರ್ಗದವರು ಆಲ್ಡಿಯಲ್ಲಿ ವೈನ್, ಚೀಸ್ ಕೊಂಡು ಅದನ್ನು ಜಾಣತನವೆಂದು ಹೇಳಿಕೊಳ್ಳತೊಡಗಿದರು. 2022ರ ಸೆಪ್ಟೆಂಬರಿನಲ್ಲಿ ಆಲ್ಡಿ ಮಾರಿಸನ್ಸ್ ಅನ್ನು ಹಿಂದಿಕ್ಕಿ ದೇಶದ ನಾಲ್ಕನೇ ದೊಡ್ಡ ಸೂಪರ್‌ಮಾರ್ಕೆಟ್ ಆಯಿತು. ಇದರ ಜೊತೆಗೆ, 2020ರವರೆಗೂ ಆನ್‌ಲೈನ್ ದಿನಸಿ ಕಂಪನಿ ಒಕಾಡೊದ ವ್ಯಾನುಗಳು ವೇಟ್‌ರೋಸ್ ಸರಕನ್ನು ಮನೆ ಬಾಗಿಲಿಗೇ ಇಳಿಸುತ್ತಿದ್ದವು. ಅಂದರೆ ಗಿರಾಕಿ ಎಲ್ಲಿ ವಾಸಿಸುತ್ತಾನೆ ಎಂಬುದರಿಂದ ಎಲ್ಲಿ ಕೊಳ್ಳುತ್ತಾನೆ ಎಂದು ಹೇಳುವುದು ಕಷ್ಟವಾಗುತ್ತಾ ಬಂದಿದೆ. ಬೋರ್ಡಿನ ಪ್ರತಿಷ್ಠೆ ಮಾತ್ರ ಮನೆ ಜಾಹೀರಾತಿನಲ್ಲಿ ಉಳಿದುಕೊಂಡಿದೆ.

ಪಟ್ಟಿಯ ಮೇಲ್ತುದಿಯನ್ನೇ ನೋಡುತ್ತ ಕೂತರೆ ತಪ್ಪಿಹೋಗುವ ಊರುಗಳಿವೆ. ಲೀಡ್ಸ್‌ನ ಪೂರ್ವಕ್ಕಿರುವ ಸೀಕ್ರಾಫ್ಟ್ ಅಂಥದ್ದು. ನಗರಸಭೆ ಕಟ್ಟಿಸಿದ ಮನೆಗಳ ಈ ದೊಡ್ಡ ಬಡಾವಣೆಯಲ್ಲಿ ತಾಜಾ ತರಕಾರಿ, ಹಣ್ಣು ಸರಿಯಾಗಿ ಸಿಗುತ್ತಿರಲಿಲ್ಲ. 1990ರ ದಶಕದಲ್ಲಿ ಇಂಥ ಪ್ರದೇಶಗಳನ್ನು ‘ಆಹಾರದ ಮರುಭೂಮಿ’ ಎಂದು ಕರೆಯತೊಡಗಿದ್ದರು. 2000ನೇ ಇಸವಿಯ ನವೆಂಬರಿನಲ್ಲಿ ಅಲ್ಲಿ ದೊಡ್ಡದೊಂದು ಟೆಸ್ಕೊ ತೆರೆಯಿತು. ಬಹುಕಾಲದಿಂದ ಕೆಲಸವಿಲ್ಲದಿದ್ದ ಸ್ಥಳೀಯರಿಗೆ ತರಬೇತಿ, ಉದ್ಯೋಗ ಕೊಡುವುದೂ ಯೋಜನೆಯ ಭಾಗವಾಗಿತ್ತು. ಭೂಗೋಳಶಾಸ್ತ್ರಜ್ಞ ನೀಲ್ ರಿಗ್ಲಿ ಮತ್ತು ಸಂಗಡಿಗರು ಅಂಗಡಿ ತೆರೆಯುವ ಮೊದಲೂ ಆಮೇಲೂ ಅದೇ ಮನೆಗಳಿಗೆ ಹೋಗಿ, ಜನ ಏನು ತಿನ್ನುತ್ತಿದ್ದಾರೆಂದು ವಿಚಾರಿಸಿದರು. ಒಟ್ಟಾರೆ ಬದಲಾವಣೆ ಸಣ್ಣದು. ಆದರೆ ಮೊದಲು ತೀರ ಕಳಪೆ ಆಹಾರ ತಿನ್ನುತ್ತಿದ್ದವರ ತಟ್ಟೆಯಲ್ಲಿ ಹಣ್ಣು ತರಕಾರಿ ಗಮನಿಸುವಷ್ಟು ಹೆಚ್ಚಿತ್ತು.

ಬ್ಯಾಂಕಿನ ಪಟ್ಟಿಗೂ ಈ ಅಧ್ಯಯನಕ್ಕೂ ಇರುವ ಅಂತರ ಇಲ್ಲಿದೆ. ಸೀಕ್ರಾಫ್ಟ್‌ನಲ್ಲಿ ಅಂಗಡಿ ಬರುವ ಮುಂಚಿನ ಲೆಕ್ಕವೂ ಇತ್ತು, ನಂತರದ್ದೂ ಇತ್ತು. ಫಲಿತಾಂಶ ಚಿಕ್ಕದಾಗಿ ಬಂದಾಗ ಅದನ್ನು ಉಬ್ಬಿಸದೆ ಚಿಕ್ಕದೆಂದೇ ಹೇಳಿದರು. ಸೂಪರ್‌ಮಾರ್ಕೆಟ್ ಮತ್ತು ಮನೆ ಬೆಲೆಯ ನಂಟನ್ನು ಗಂಭೀರವಾಗಿ ಅರಿಯಬೇಕೆನ್ನುವವರು ಮಳಿಗೆ ತೆರೆದ ತಾರೀಖು ಹಿಡಿದು ಹಿಂದಿನ ಐದು ವರ್ಷ, ಮುಂದಿನ ಐದು ವರ್ಷಗಳ ಬೆಲೆಯನ್ನು ಜೋಡಿಸಿ ನೋಡಬೇಕು. ಕಾರಿಲ್ಲದವರ ಮನೆಯಿಂದ ತರಕಾರಿಗೆ ಎಷ್ಟು ದೂರ ಎಂಬುದನ್ನೂ ಅದರ ಪಕ್ಕದಲ್ಲಿ ಅಚ್ಚು ಹಾಕಬೇಕು. ಅಲ್ಲಿಯವರೆಗೆ ‘ವೇಟ್‌ರೋಸ್ ಎಫೆಕ್ಟ್’ ಎಂಬುದು ಅಂಗಡಿಗೂ ಬ್ಯಾಂಕಿಗೂ ಎಸ್ಟೇಟ್ ಏಜೆಂಟರಿಗೂ ಪುಕ್ಕಟೆಯಾಗಿ ಸಿಕ್ಕ ಜಾಹೀರಾತು. ಮನೆ ಕೊಳ್ಳುವವರು ಅದನ್ನು ನಂಬಿ 36,000 ಪೌಂಡ್ ಹೆಚ್ಚು ಕೊಡಬೇಕಾಗಿಲ್ಲ.