ಹೊಡಿ, ಇಲ್ಲಾ ಇನ್ನೊಂದು ಕಾಯಿನ್ ಹಾಕು

ಲ್ಯಾಪ್‌ಟಾಪಲ್ಲಿ 'ಕ್ರೈಮ್ ಪೆಟ್ರೋಲ್' ಆಡ್ತಿದೀನಿ ಅಂದ್ರೆ ಆಫೀಸಲ್ಲಿ ಎಲ್ರೂ ಸೋನಿ ಟೀವಿಯ ಸೀರಿಯಲ್ ನೆನಪು ಮಾಡ್ಕೋತಾರೆ. ಅದಲ್ಲ ಮಾರಾಯ್ರೆ. ಇದು 1993ರ ಆರ್ಕೇಡ್ ಗೇಮ್. ಮಾಡಿದ್ದು ಅಮೆರಿಕದ ಆಲ್ಬುಕರ್ಕಿ ಊರಿನ 'ಅಮೆರಿಕನ್ ಲೇಸರ್ ಗೇಮ್ಸ್' ಅನ್ನೋ ಕಂಪನಿ. ಇದರಲ್ಲಿ ಕಾರ್ಟೂನ್ ಬೊಂಬೆಗಳಿಲ್ಲ. ನಿಜವಾದ ನಟರನ್ನ ನಿಲ್ಲಿಸಿ ತೆಗೆದ ಸಿನಿಮಾ ಲೇಸರ್‌ಡಿಸ್ಕಿನಿಂದ ಓಡ್ತಿರುತ್ತೆ, ಆಡೋವ್ರು ಪ್ಲಾಸ್ಟಿಕ್ ಗನ್ ಹಿಡಿದು ಪರದೆಗೆ ಗುರಿಯಿಡಬೇಕು. ಸರಿಯಾಗಿ ಹೊಡೆದರೆ ಕಳ್ಳ ಬೀಳೋ ತುಣುಕು, ತಡ ಮಾಡಿದರೆ ನೀವು ಬೀಳೋ ತುಣುಕು. ನಡುವೆ ಲೇಸರ್ ತನ್ನ ಜಾಗ ಹುಡುಕೋವಷ್ಟು ಹೊತ್ತು ಪರದೆ ಕಪ್ಪಾಗುತ್ತೆ.

ನಟನೆ? ಶಾಲೆಯ ವಾರ್ಷಿಕೋತ್ಸವದ್ದು. ಗುಂಡು ತಗುಲಿದವರು ಎದೆ ಹಿಡ್ಕೊಂಡು ಬೀಳೋ ಚೆಂದ ನೋಡಿ ನಾನೂ ನಕ್ಕಿದೀನಿ. ಈ ಗೇಮ್ ಬಗ್ಗೆ ಬರೆಯೋ ಹೆಚ್ಚಿನವರು ಆ ನಗುವಿನ ಹತ್ತಿರಾನೇ ನಿಲ್ಲಿಸ್ತಾರೆ. ನನಗೆ ಅದಕ್ಕಿಂತ ಕಾಡಿದ್ದು ಅದರ ಹುಟ್ಟು.

ಕಂಪನಿ ಶುರು ಮಾಡಿದ ರಾಬರ್ಟ್ ಗ್ರೀಬ್ ಮೊದಲು ಮಾಡಿದ್ದು ಪೊಲೀಸರ ತರಬೇತಿಗೆ ಬೇಕಾದ ವಿಡಿಯೊ ವ್ಯವಸ್ಥೆ. ಅದೇ ತಂತ್ರ ಆಮೇಲೆ 1990ರ 'ಮ್ಯಾಡ್ ಡಾಗ್ ಮೆಕ್ರೀ' ಅನ್ನೋ ಕೌಬಾಯ್ ಗೇಮ್ ಆಯ್ತು, ಮೂರು ವರ್ಷ ಬಿಟ್ಟು ಈ ಪೊಲೀಸ್ ಗೇಮ್. ಅಂದ್ರೆ ಪೊಲೀಸರಿಂದ ಹೊರಟಿದ್ದು ಸುತ್ತು ಹಾಕಿ ಪೊಲೀಸರ ವೇಷದಲ್ಲೇ ವಾಪಸ್ ಬಂತು. ಆದರೆ ದಾರೀಲಿ ಏನೋ ಉದುರಿಹೋಗಿದೆ.

ಅಂಥ ತರಬೇತಿಯ ಜೀವಾಳ ಒಂದೇ ಪ್ರಶ್ನೆ: ಹೊಡೀಬೇಕಾ, ಬೇಡ್ವಾ? ಜೇಬಿಗೆ ಕೈ ಹಾಕಿದವನು ಪಿಸ್ತೂಲು ತೆಗೀತಾನಾ, ಪರ್ಸ್ ತೆಗೀತಾನಾ? 'ಹೊಡೀಬಾರದು' ಅನ್ನೋದೂ ಅಲ್ಲಿ ಸರಿಯುತ್ತರ. ಗೇಮಲ್ಲೂ ಅಮಾಯಕರಿದ್ದಾರೆ, ಅವರಿಗೆ ಹೊಡೆದರೆ ನಿಮ್ಮ ಒಂದು ಜೀವ ಹೋಗುತ್ತೆ. ಆದರೆ ಮಾತಾಡಿಸೋದಕ್ಕೆ, ಕೈ ಎತ್ತಿಸೋದಕ್ಕೆ ಬಟನ್ ಇಲ್ಲ, ಇರೋದು ಟ್ರಿಗರ್ ಒಂದೇ. ನಮ್ಮ 'ಪೊಲೀಸ್ ಸ್ಟೋರಿ'ಯ ಸಾಯಿಕುಮಾರ್ ಆದ್ರೂ ಎದುರಿಗಿದ್ದವನಿಗೆ ಒಂದು ಪುಟ ಡೈಲಾಗ್ ಕೊಡ್ತಿದ್ರು!

ಇನ್ನೊಂದು ತೊಂದರೆ ಸಿನಿಮಾದ್ದೇ. ಒಮ್ಮೆ ಚಿತ್ರೀಕರಿಸಿದ ಮನುಷ್ಯ ಪ್ರತಿ ಸಲವೂ ಅದೇ ಬಾಗಿಲಿಂದ, ಅದೇ ಕ್ಷಣಕ್ಕೆ ಬರ್ತಾನೆ. ಮೊದಲ ಸಲ ನಾನು ಮುಖ ನೋಡ್ತಿದ್ದೆ, ಕೈ ನೋಡ್ತಿದ್ದೆ. ನಾಲ್ಕನೇ ಸಲಕ್ಕೆ ಮುಖದ ಗೊಡವೆಯೇ ಇಲ್ಲ, ಅವನು ಬರೋ ಮೊದಲೇ ನನ್ನ ಮೌಸ್ ಆ ಜಾಗದಲ್ಲಿ ಹೋಗಿ ಕೂತಿರುತ್ತೆ. ಅವನು ಕಾಣಿಸೋ ಮುಂಚೇನೇ ಅಪರಾಧಿ. ವಿವೇಚನೆ ಕಲಿಸೋಕೆ ಹುಟ್ಟಿದ ಯಂತ್ರದಲ್ಲಿ ಗೆಲ್ಲೋದು ಬಾಯಿಪಾಠ ಮಾಡಿದವನು. ಮತ್ತೆ ಆರ್ಕೇಡ್ ಲೆಕ್ಕಾಚಾರಾನೂ ಇದೆ: ಯೋಚಿಸೋಕೆ ಟೈಮ್ ಕೊಟ್ರೆ ಒಂದೇ ಕಾಯಿನ್‌ನಲ್ಲಿ ಅರ್ಧ ಗಂಟೆ ಆಡಿಬಿಡ್ತಾರೆ. ಹಾಗಾಗಿ ಒಂದು ಕ್ಷಣ ತಡೆದವನು ಸಾಯಲೇಬೇಕು.

ಪ್ರಮೋಷನ್ ಕಥೆ ಇನ್ನೂ ಮಜಾ. ಹೊಸ ಪೇದೆಯಾಗಿ ಸೇರಿ, ಮಫ್ತಿಗೆ ಹೋಗಿ, ಸ್ವಾಟ್ ಪಡೆಗೆ ಏರಿ, ಕೊನೆಗೆ ಡೆಲ್ಟಾ ಫೋರ್ಸ್! (ನಮ್ಮ ಅಪ್ರೈಸಲ್ ಇಷ್ಟು ಬೇಗ ಆಗಲ್ಲ ಬಿಡಿ.) ಡೆಲ್ಟಾ ಫೋರ್ಸ್ ಪೊಲೀಸಲ್ಲ, ಸೈನ್ಯ. ಬೀಟ್ ಪೊಲೀಸನ ಸಹಜ ಬಡ್ತಿ ಸೈನಿಕನಾಗೋದು ಅಂತ ಗೇಮ್ ಎಷ್ಟು ಆರಾಮಾಗಿ ನಂಬಿಸುತ್ತೆ ಅಂದ್ರೆ, ಆಡುವಾಗ ನನಗೆ ಅದು ಹೊಳೀಲೇ ಇಲ್ಲ.

1993ರ ಡಿಸೆಂಬರಲ್ಲಿ ಅಮೆರಿಕದ ಸೆನೆಟ್ ವಿಡಿಯೊ ಗೇಮ್ ಹಿಂಸೆಯ ವಿಚಾರಣೆ ನಡೆಸಿತು. ಸೆನೆಟರ್ ಲೀಬರ್‌ಮನ್ ಕೊನಾಮಿ ಕಂಪನಿಯ ಪ್ಲಾಸ್ಟಿಕ್ ಗನ್ ಎತ್ತಿ ತೋರಿಸಿದರು. ಮರುವರ್ಷ ವಯಸ್ಸಿಗೆ ತಕ್ಕ ರೇಟಿಂಗ್ ಬಂತು. ಅವರ ಚಿಂತೆ ಮಕ್ಕಳು ಗನ್ ಹಿಡಿಯೋದು. ನನ್ನ ತಕರಾರು ಬೇರೆ.

ಗೇಮಲ್ಲಿ ಅಮಾಯಕನೊಬ್ಬ ಕಣ್ಣೆದುರಿಗೆ ಬರ್ತಾನೆ, ನಾನು ಬೆರಳು ತಡೀತೀನಿ. ಇಡೀ ಆಟದಲ್ಲಿ ನಾನು ನಿಜವಾಗ್ಲೂ ತೀರ್ಮಾನ ತಗೊಂಡಿದ್ದು ಅಲ್ಲಿ ಮಾತ್ರ. ಅದಕ್ಕೆ ಒಂದು ಶಹಬ್ಬಾಸ್ ಕೂಡ ಇಲ್ಲ. ಫಿಲ್ಮ್ ಹಾಗೇ ಮುಂದಕ್ಕೆ ಹೋಗುತ್ತೆ.